ಬಸವಣ್ಣ ಬೇಡ ಅಂದಿರಲಿಲ್ಲ

ಆ ಸೋಮವಾರ ಬಸವಣ್ಣನ ಎಡಗಡೆಯ ಹೂ ತಾನಾಗಿ ಬೀಳಲಿಲ್ಲ. ಬೀಳುವಂತೆ ನಾನು ಮಾಡಿದೆ. ಊರೆಲ್ಲ ನೋಡುತ್ತ ಕೂತಿದ್ದಾಗ, ಗರ್ಭಗುಡಿಯಲ್ಲಿ ನಿಂತು, ಬಾಯಲ್ಲಿ ಮಂತ್ರ ಹೇಳುತ್ತಲೇ ಮಾಡಿದೆ. ಅದನ್ನು ದೇವರ ಮಾತೆಂದು ನಂಬಿ ಜಗದೇವಿ ಎಂಬ ಹೆಣ್ಣುಮಗಳು ತಾನು ಹಿಡಿದ ದಾರಿಯನ್ನು ಬಿಟ್ಟು ಮನೆ ಸೇರಿದಳು. ಹನ್ನೊಂದು ವರ್ಷ ಆಯಿತು. ಈ ಹನ್ನೊಂದು ವರ್ಷ ನಾನು ಇದನ್ನು ಯಾರಿಗೂ ಹೇಳಲಿಲ್ಲ — ಹೆಂಡತಿಗೆ ಹೇಳಲಿಲ್ಲ, ದಿನಾ ನೀರು ಹಾಕುವ ದೇವರಿಗೂ ಹೇಳಲಿಲ್ಲ. ದೇವರಿಗೆ ಹೇಳುವುದೇನು, ಅವನೇ ನೋಡಿದ್ದಾನಲ್ಲ ಎಂದುಕೊಂಡು ಸುಮ್ಮನಿದ್ದೆ.

ನನ್ನ ಹೆಸರು ಗುರುಲಿಂಗಯ್ಯ. ಚಿತ್ತಾಪುರದಿಂದ ಗುಂಡಗುರ್ತಿಯ ಕಡೆ ಹೋಗುವಾಗ ಸಿಗುವ ಒಂದು ಸಣ್ಣ ಊರಿನ ಬಸವಣ್ಣನ ಗುಡಿಯ ಪೂಜಾರಿಕೆ ನಮ್ಮ ಮನೆತನದ್ದು. ನಮ್ಮ ಬಸವಣ್ಣನೆಂದರೆ ಕರಿಕಲ್ಲಿನಲ್ಲಿ ಕಡೆದ, ಕಾಲು ಮಡಿಚಿ ಕೂತ ಎತ್ತು. ಅವನ ಮುಂದೆ ಹೂ ಕೇಳುವ ಪದ್ಧತಿ ನಮ್ಮ ಅಜ್ಜನ ಕಾಲಕ್ಕಿಂತ ಹಳೆಯದು. ಕೇಳುವವರು ತಲೆಗೆ ನೀರು ಹಾಕಿಕೊಂಡು ಬಂದು ಎದುರಿಗೆ ಕೂಡುತ್ತಾರೆ. ಪೂಜಾರಿ ಕಣಗಿಲ ಹೂವಿನ ಎರಡು ಎಸಳುಗಳನ್ನು ನೀರಲ್ಲಿ ಅದ್ದಿ, ಎತ್ತಿನ ಹಣೆಯ ಬಲಕ್ಕೊಂದು ಎಡಕ್ಕೊಂದು ಅಂಟಿಸುತ್ತಾನೆ. ನೀರು ಆರುತ್ತ ಬಂದಂತೆ ಯಾವುದೋ ಒಂದು ಮೊದಲು ಉದುರುತ್ತದೆ. ಬಲಗಡೆಯದು ಉದುರಿದರೆ ದೇವರು ಹೂಂ ಅಂದ, ಎಡಗಡೆಯದಾದರೆ ಬೇಡ ಅಂದ. ಮಗಳನ್ನು ಸೇಡಂ ಕಡೆ ಕೊಡಬೇಕೋ ಚಿಂಚೋಳಿ ಕಡೆಯೋ, ಬಾವಿ ಎಲ್ಲಿ ತೋಡಬೇಕು, ಮುನಿಸಿಕೊಂಡ ತಮ್ಮನ ಮನೆಗೆ ಮೊದಲು ಹೋಗಬೇಕೋ ಬಾರದೋ — ಎಲ್ಲ ಆ ಎರಡು ಎಸಳುಗಳ ಮೇಲೆ ನಿಂತಿತ್ತು. ಓದಿದವರು ನಗಬಹುದು. ನಗಲಿ. ನಮ್ಮ ಊರಲ್ಲಿ ಹೂವಿನ ಮಾತು ಬಂದ ಮೇಲೆ ಎದುರು ಮಾತು ಇರಲಿಲ್ಲ.

ಜಗದೇವಿ ಚಿಮ್ಮನಚೋಡದಿಂದ ನಮ್ಮೂರಿಗೆ ಸೊಸೆಯಾಗಿ ಬಂದವಳು. ಗಂಡ ಈರಣ್ಣ ಶಹಾಬಾದ ಕಡೆಯ ಖಣಿಗಳಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಎಬ್ಬಿಸುವ ಕೆಲಸಕ್ಕೆ ಹೋಗುತ್ತಿದ್ದ. ತಾನಾಗಿಯೇ ಬಂದು ದೀಕ್ಷೆ ಬೇಕೆಂದು ಕೇಳಿದಳು, ಅವಳ ಕೊರಳಿಗೆ ಲಿಂಗ ಕಟ್ಟಿದವನು ನಾನೇ. ಆಗ ನನಗೆ ಹೆಮ್ಮೆ ಆಗಿತ್ತು. ಖಣಿಯವರ ಓಣಿಯ ಹೆಣ್ಣುಮಗಳಿಗೆ ದೀಕ್ಷೆ ಕೊಟ್ಟೆನೆಂದು ನಾಲ್ಕು ಊರಲ್ಲಿ ಹೇಳಿಕೊಂಡೆ. ಶ್ರಾವಣದಲ್ಲಿ ದಯೆಯ ಮೇಲೆ ಪ್ರವಚನ ಹೇಳುವಾಗ ಅವಳ ಉದಾಹರಣೆ ಕೊಡುತ್ತಿದ್ದೆ — ಅಂದರೆ ನನ್ನದೇ ಉದಾಹರಣೆ ಕೊಟ್ಟುಕೊಳ್ಳುತ್ತಿದ್ದೆ.

ಅವಳಿಗೆ ಸವಿತಾ ಎಂಬ ಮಗಳು. ಆಮೇಲೆ ಒಂದು ಗಂಡುಮಗು ಹುಟ್ಟಿತು, ಎರಡನೆಯ ವರ್ಷಕ್ಕೆ ಜ್ವರ ಬಂತು. ಕಲಬುರಗಿಯ ದೊಡ್ಡ ದವಾಖಾನೆಯಲ್ಲಿ ಒಂಬತ್ತು ದಿನ ಇಟ್ಟುಕೊಂಡು ಕೂತಳು. ಓದು ಬರುವುದಿಲ್ಲ, ಯಾವ ಬಾಗಿಲಿಗೆ ಹೋಗಬೇಕು ಗೊತ್ತಿಲ್ಲ, ನೀರು ಎಲ್ಲಿ ಸಿಗುತ್ತದೆ ಗೊತ್ತಿಲ್ಲ. ಯಾರೋ ಗುರುತಿಲ್ಲದ ಮುದುಕಿ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದುಕೊಟ್ಟು, ಕೈ ಹಿಡಿದು ಎಲ್ಲ ತೋರಿಸಿದಳಂತೆ. ಮಗು ಉಳಿಯಲಿಲ್ಲ. ಊರಿಗೆ ಬಂದು ತಿಂಗಳು ಕಳೆದ ಮೇಲೆ ಜಗದೇವಿ ಒಂದು ಕೆಲಸ ಶುರುಮಾಡಿದಳು. ಊರಲ್ಲಿ ಯಾರಿಗೇ ಜಡ್ಡಾಗಲಿ, ದವಾಖಾನೆಗೆ ಅವರ ಜೊತೆ ಹೋಗುವುದು. ಸೆರಗಿನಲ್ಲಿ ರೊಟ್ಟಿ ಗಂಟು ಕಟ್ಟಿಕೊಂಡು ವಾಡಿಯ ತನಕ ಬಸ್ಸು, ಅಲ್ಲಿಂದ ರೈಲು, ಶಹಾಬಾದ ದಾಟಿ ಕಲಬುರಗಿ. ಚೀಟಿ ಮಾಡಿಸುವುದು, ಸಾಲಿನಲ್ಲಿ ನಿಲ್ಲುವುದು, ಡಾಕ್ಟರು ಹೇಳಿದ್ದನ್ನು ತಿಳಿಯುವ ತನಕ ಮತ್ತೆ ಮತ್ತೆ ಕೇಳುವುದು, ಅತ್ತವರ ಜೊತೆ ಅಳುವುದು. ಯಾಕವ್ವಾ ಈ ಉಸಾಬರಿ ಎಂದು ನಾನೇ ಒಮ್ಮೆ ಕೇಳಿದ್ದೆ.

"ಅರ್ಧ ಬ್ಯಾನಿ ಮೈಯಾಗ ಇರ್ತದ್ರಿ ಅಯ್ಯನೋರ," ಅಂದಳು. "ಉಳಿದ ಅರ್ಧ, ಇಲ್ಲಿ ನಮ್ಮವರು ಅನ್ನೋರು ಯಾರೂ ಇಲ್ಲಲ್ಲ ಅನ್ನೋದು. ಮೈ ಬ್ಯಾನಿ ಡಾಕ್ಟರ ನೋಡ್ಲಿ. ಇದನ್ನ ನಾ ನೋಡ್ತೀನಿ."

ಹೊರಡುವ ಮುಂಚೆ ಬೆಳಿಗ್ಗೆ ಗುಡಿಗೆ ಬರುತ್ತಿದ್ದಳು. ಬಂದು ಎಲ್ಲರಂತೆ ಕೈಮುಗಿದು ಕಣ್ಣು ಮುಚ್ಚುವವಳಲ್ಲ. ಬಸವಣ್ಣನ ಜೊತೆ ಮಾತಾಡುತ್ತಿದ್ದಳು — ಜೋರಾಗಿ, ಮನೆಯ ಹಿರಿಯನ ಜೊತೆ ಮಾತಾಡುವ ಹಾಗೆ. "ಇವತ್ತ ಭೀಮಣ್ಣ ಮುತ್ಯಾನ ಕರಕೊಂಡು ಹೊಂಟೀನಿ. ನಡೀಲಿಕ್ಕೆ ಆಗವಲ್ತು ಅವಂಗ. ನೀ ಇಲ್ಲಿ ಕಾಲ ಮಡಚಿ ಕುಂತ್ರ ಹ್ಯಾಂಗ? ಜರಾ ಜೋಡಿ ಬಾ." ಒಮ್ಮೊಮ್ಮೆ ಜಗಳ. ಒಮ್ಮೊಮ್ಮೆ ನಗು. ಕಟ್ಟೆಯ ಮೇಲೆ ಕೂತವರು ಮುಸಿಮುಸಿ ನಕ್ಕರೂ ಅವಳಿಗೆ ಅದರ ಖಬರಿಲ್ಲ. ನಾನು ಒಳಗೆ ಗಂಟೆ ಒರೆಸುತ್ತ ಕೇಳುತ್ತಿದ್ದೆ. ಮೂವತ್ತೈದು ವರ್ಷ ನಾನು ಮಂತ್ರ ಹೇಳಿದ್ದೆ, ತಪ್ಪಿಲ್ಲದೆ ಹೇಳಿದ್ದೆ. ಮಾತಾಡಿದ್ದು ಮಾತ್ರ ಒಂದು ದಿನವೂ ಇಲ್ಲ. ಹೀಗೆ ಮಾತಾಡಬಹುದೆಂದು ನನಗೆ ಹೊಳೆದೇ ಇರಲಿಲ್ಲ. ನನ್ನ ಹೊಟ್ಟೆಕಿಚ್ಚು ಅಲ್ಲಿಂದ ಶುರುವಾಯಿತು. ಉಳಿದ ಕಾರಣಗಳನ್ನು ನಾನು ಆಮೇಲೆ ಹುಡುಕಿಕೊಂಡೆ.

ಅವು ಸಿಗುವುದು ಕಷ್ಟವಾಗಲಿಲ್ಲ. ನಮ್ಮೂರ ಮಲ್ಲಣ್ಣನ ಹೆಂಡತಿ ಪಾರ್ವತಿಗೆ ಜ್ವರ ಬಂತು. ಮಲ್ಲಣ್ಣ ದಿನಾ ಬಂದು ನನ್ನ ಹತ್ತಿರ ಅಂಗಾರ ತೆಗೆದುಕೊಂಡು ಹೋಗುತ್ತಿದ್ದ — ದೇವರ ಮುಂದಿನ ಬೂದಿಗೆ ನಾವು ಅಂಗಾರ ಅನ್ನುತ್ತೇವೆ. ನಾನು ದಿನಾ ಕೊಡುತ್ತಿದ್ದೆ, ಇಳಿಯುತ್ತದೆ ಹೋಗು ಅನ್ನುತ್ತಿದ್ದೆ. ಆರನೆಯ ದಿನ ಜಗದೇವಿ ಅವಳನ್ನು ಎತ್ತಿಕೊಂಡೇ ಹೋದಳು. ಇನ್ನೊಂದು ದಿನ ತಡವಾಗಿದ್ದರೆ ಆಸೆ ಇರಲಿಲ್ಲ ಎಂದರಂತೆ ಅಲ್ಲಿ. ಪಾರ್ವತಿ ಬದುಕಿ ಬಂದಳು. ಮರುದಿನ ಜಗದೇವಿ ಗುಡಿಗೆ ಬಂದಾಗ ಕಟ್ಟೆಯ ಮೇಲೆ ಹತ್ತು ಜನ ಗಂಡಸರಿದ್ದರು. ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ, ತಗ್ಗಿದ ದನಿಯಲ್ಲೇ ಅಂದಳು, "ಅಯ್ಯನೋರ, ಅಂಗಾರ ಕೊಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಕೊಟ್ಟು ಆದಮ್ಯಾಲ ದವಾಖಾನಿಗೂ ಹೋಗಂತ ಒಂದ್ ಮಾತು ಅನ್ರಿ. ನೀವು ಅಂದ್ರ ಮಂದಿ ಜಲ್ದಿ ಕೇಳ್ತಾರ."

ಇದರಲ್ಲಿ ಏನು ತಪ್ಪಿದೆ? ಏನೂ ಇಲ್ಲ. ಇಂದು ಹೇಳುತ್ತೇನೆ — ಏನೂ ಇಲ್ಲ. ಆದರೆ ಅಂದು ನನ್ನ ಕಿವಿ ಬಿಸಿಯಾಯಿತು. ನಾನು ಲಿಂಗ ಕಟ್ಟಿದವಳು, ನನಗೇ ಪಾಠ ಹೇಳುತ್ತಾಳೆ, ಅದೂ ಮಂದಿಯ ಮುಂದೆ. ಅವಳು ನಮ್ಮ ಓಣಿಯವಳಾಗಿದ್ದರೆ ಅಷ್ಟು ಉರಿಯುತ್ತಿತ್ತೋ ಇಲ್ಲವೋ — ಬಿಡಿ, ಉರಿಯುತ್ತಿರಲಿಲ್ಲ. ಅದನ್ನೂ ಬರೆದುಬಿಡುತ್ತೇನೆ. ಜಾತಿಯನ್ನು ದೀಕ್ಷೆಯ ದಿನವೇ ಬಿಟ್ಟೆನೆಂದು ಊರಿಗೆ ಹೇಳಿದ್ದವನು, ಹೊಟ್ಟೆಯೊಳಗೆ ಭದ್ರವಾಗಿ ಇಟ್ಟುಕೊಂಡಿದ್ದೆ.

ಮುಂದೆ ಪಂಚಾಯಿತಿ ಚುನಾವಣೆ ಬಂತು. ಜನ ಅವಳನ್ನು ಬಲವಂತದಿಂದ ನಿಲ್ಲಿಸಿದರು, ಗೆದ್ದಳು. ಆ ಸಲ ಅಧ್ಯಕ್ಷ ಸ್ಥಾನ ಮಹಿಳೆಗೆ ಬಂದಿತ್ತು. ಸದಸ್ಯರಲ್ಲಿ ಅದಕ್ಕೆ ಹೆಸರು ಕೇಳಿಬಂದದ್ದು ಇಬ್ಬರದು — ಒಬ್ಬಳು ಜಗದೇವಿ, ಇನ್ನೊಬ್ಬಳು ಗೌಡರ ಸೊಸೆ. ಸೊಸೆ ಹೆಸರಿಗೆ, ಕುರ್ಚಿ ಮಾವನಿಗೆ ಎನ್ನುವುದು ಎಲ್ಲರಿಗೂ ಗೊತ್ತು. ಹೆಚ್ಚಿನ ಸದಸ್ಯರು ಜಗದೇವಿಯ ಕಡೆಗೇ ಇದ್ದರು. ಅವಳು ಸುಮ್ಮನೆ ಹೂಂ ಅಂದಿದ್ದರೆ ಆಗಿಹೋಗುತ್ತಿತ್ತು.

ಅವಳು ಹೂಂ ಅನ್ನಲಿಲ್ಲ. ನನ್ನ ಹತ್ತಿರ ಬಂದಳು. ಗುಡಿಯ ಹಿಂದಿನ ಖಾಲಿ ಜಾಗ ತೋರಿಸಿ, "ಇಲ್ಲಿ ಒಂದು ಆರೋಗ್ಯ ಉಪಕೇಂದ್ರ ತರಬೇಕಂತೀನ್ರಿ. ಒಬ್ಬಾಕಿ ನರ್ಸಬಾಯಿ ಊರಾಗೇ ಇದ್ರ ಹೆರಿಗಿಗಿ ಓಡೋದು ತಪ್ತದ. ಅಧ್ಯಕ್ಷ ಆದ್ರ ಕೇಳಲಿಕ್ಕೆ ಬಾಯಿ ಇರ್ತದ," ಅಂದಳು. ಆಮೇಲೆ ತಲೆ ತಗ್ಗಿಸಿದಳು. "ಆದರ ನನಗ ಅಂಜಿಕಿ ಆಗ್ಯದ್ರಿ. ಮಂದಿ ಹೂಂ ಅಂದ್ರ ಸಾಲದು. ಕುರ್ಚಿ ಮ್ಯಾಲ ಕುಂತು ತಲಿ ತಿರುಗಿದ್ರ ಏನ್ ಮಾಡ್ಲಿ? ಅವನನ್ನೂ ಕೇಳಿಬಿಡ್ತೀನಿ. ಅವ ಹೂಂ ಅಂದ್ರ ನಿಲ್ತೀನಿ, ಇಲ್ಲಾಂದ್ರ ಇಲ್ಲ. ಸೋಮವಾರ ಹೂ ಇಡ್ರಿ."

ನೋಡಿ — ಇಷ್ಟು ವರ್ಷದಲ್ಲಿ ಅಧಿಕಾರಕ್ಕೆ ಹೋಗುವ ಮುಂಚೆ ತನ್ನ ಮೇಲೆ ತಾನೇ ಸಂಶಯಪಟ್ಟ ಮನುಷ್ಯರನ್ನು ನಾನು ಕಂಡದ್ದು ಅವಳೊಬ್ಬಳನ್ನೇ. ಆ ಸಂಶಯವನ್ನು ಅವಳು ತಂದು ಕೊಟ್ಟದ್ದು ನನ್ನ ಕೈಗೆ.

ಗೌಡರು ಭಾನುವಾರ ಸಂಜೆ ಮನೆಗೆ ಬಂದಿದ್ದರು. ಚಹಾ ಕುಡಿದರು. "ನಾಳಿ ಹೂ ಕೇಳ್ತಾಳಂತಲ್ರೀ. ಇರ್ಲಿ, ನೀವ್ ಅದೀರಿ," ಅಂದು ಎದ್ದುಹೋದರು. ಅಷ್ಟೇ. ಏನೂ ಕೇಳಲಿಲ್ಲ, ಏನೂ ಕೊಡುತ್ತೇನೆ ಅನ್ನಲಿಲ್ಲ. ಅವರು ಮಾಡಿಸಿದರು ಎಂದು ಬರೆಯಲು ಈಗ ನನಗೆ ಎಷ್ಟು ಆಸೆಯಾಗುತ್ತದೆ ಗೊತ್ತೇ? ಅವರು ತೀರಿಕೊಂಡಿದ್ದಾರೆ, ಬಂದು ಇಲ್ಲ ಅನ್ನುವವರೂ ಅಲ್ಲ. ಆದರೆ ಅವರು ಮಾಡಿಸಲಿಲ್ಲ. ನಾನು ಮಾಡಿದೆ.

ಕಲ್ಲಿಗೆ ಎಣ್ಣೆ ಸವರಿದರೆ ಒದ್ದೆ ಎಸಳು ನಿಲ್ಲುವುದಿಲ್ಲ. ಇದು ಪೂಜೆ ಮಾಡುವ ಎಲ್ಲರಿಗೂ ಗೊತ್ತು, ಅದಕ್ಕೇ ಹೂ ಇಡುವ ದಿನ ಹಣೆಯನ್ನು ಮೊದಲೇ ವಿಭೂತಿಯಿಂದ ತಿಕ್ಕಿ ಒರೆಸುತ್ತೇವೆ. ಅಂದೂ ಒರೆಸಿದೆ. ಆಮೇಲೆ ದೀಪದ ಬತ್ತಿ ಸರಿಮಾಡುವ ನೆಪದಲ್ಲಿ ಬೆರಳು ಎಣ್ಣೆಗೆ ತಾಗಿಸಿ, ಆ ಬೆರಳನ್ನು ಎಡಗಡೆ ಒಮ್ಮೆ ಎಳೆದೆ. ಒಂದೇ ಸಲ. ಬಲಗಡೆಯ ಎಸಳನ್ನು ಒದ್ದೆ ವಿಭೂತಿಯ ಮೇಲೆ ಒತ್ತಿ ಕೂರಿಸಿದೆ. ಹಿಂದೆ ಜಗದೇವಿ ಕೈಮುಗಿದು ಕೂತಿದ್ದಳು. ಅವಳು ನನ್ನ ಬೆನ್ನನ್ನೇ ನೋಡುತ್ತಿದ್ದಳು, ಬೆರಳನ್ನಲ್ಲ. ನೋಡಿದ್ದರೂ ಸಂಶಯಪಡುತ್ತಿರಲಿಲ್ಲ ಎನ್ನುವುದು — ಅದು ನನಗೆ ಆಗಲೂ ಗೊತ್ತಿತ್ತು.

ಹೆಚ್ಚು ಹೊತ್ತು ಆಗಲಿಲ್ಲ. ಎಡಗಡೆಯದು ಜಾರಿತು.

ಜಗದೇವಿ ಬಸವಣ್ಣನ ಮುಖವನ್ನು ನೋಡುತ್ತ ಕೂತಳು. ಅವಳು ಏನಾದರೂ ಅನ್ನುತ್ತಾಳೆ, ಎಂದಿನಂತೆ ಜಗಳ ತೆಗೆಯುತ್ತಾಳೆ ಅಂದುಕೊಂಡೆ. "ಆಯ್ತು ಬಿಡಪ್ಪ" ಎಂದಷ್ಟೇ ಅಂದಳು. ಎದ್ದು ಬಂದು ಬಿದ್ದ ಎಸಳನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ನನ್ನ ಕಾಲಿಗೆ ಬಿದ್ದಳು.

"ನನ್ನಾಗ ಏನೋ ಖೋಟ ಅದ ಅಯ್ಯನೋರ. ನಮಗ ಕಾಣಂಗಿಲ್ಲ, ಅವಗ ಕಂಡದ."

ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಇನ್ನೊಮ್ಮೆ ಇಡೋಣ ತಾಯಿ, ಗಾಳಿ ಇತ್ತು ಅಂದಿದ್ದರೂ ಸಾಕಿತ್ತು. ನಾನು ಅವಳ ತಲೆಯ ಮೇಲೆ ಕೈಯಿಟ್ಟೆ — ಅದೇ ಕೈ — ಇಟ್ಟು ಅಂದೆ, "ದೇವರ ಇಚ್ಛಾ, ತಂಗಿ. ಸಮಾಧಾನ ಮಾಡ್ಕೋ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇದೆಯಲ್ಲ, ಅದನ್ನು ಹೇಳಿ ಊರಿನವರು ನನ್ನನ್ನು ಎಷ್ಟೋ ಸಲ ಚೇಷ್ಟೆ ಮಾಡಿದ್ದರು, ನಾನೂ ನಕ್ಕಿದ್ದೆ. ಆಮೇಲೆ ಯಾರಾದರೂ ಅದನ್ನು ಅಂದರೆ ನನಗೆ ನಗು ಬರುತ್ತಿರಲಿಲ್ಲ.

ಗೌಡರ ಸೊಸೆ ಅಧ್ಯಕ್ಷೆಯಾದಳು. ಉಪಕೇಂದ್ರ ಪಕ್ಕದೂರಿನ ಪಾಲಾಯಿತು, ಕೇಳುವ ಬಾಯಿ ಅಲ್ಲಿತ್ತು. ಇದೆಲ್ಲ ನಾನು ನಿರೀಕ್ಷಿಸಿದ್ದೇ. ನಿರೀಕ್ಷಿಸದೆ ಇದ್ದದ್ದು ಇನ್ನೊಂದು. ನಾನು ಅವಳಿಗೆ ಕುರ್ಚಿ ತಪ್ಪಿಸಬೇಕೆಂದಿದ್ದೆ, ಅಷ್ಟೇ. ಅವಳು ದೇವರ ಬೇಡ ಎನ್ನುವ ಮಾತನ್ನು ಕುರ್ಚಿಗೆ ಮಾತ್ರ ಎಂದು ತಿಳಿಯಲಿಲ್ಲ. ತನ್ನ ಇಡೀ ಸೇವೆಯೇ ಅವನಿಗೆ ಬೇಡವಾಗಿದೆ, ಮಾಡಿ ಮಾಡಿ ತನಗೆ ದೊಡ್ಡಸ್ತಿಕೆ ಬಂದಿದೆ, ಅದನ್ನು ತೋರಿಸಿಕೊಟ್ಟ — ಹೀಗೆ ತಿಳಿದಳು. ದವಾಖಾನೆಗೆ ಹೋಗುವುದನ್ನು ಬಿಟ್ಟಳು. ಜನ ಬಂದು ಕರೆದರೆ ಬಾಗಿಲಲ್ಲಿ ನಿಂತು ಒಲ್ಲೆ ಎಂದು ತಲೆ ಅಲ್ಲಾಡಿಸುತ್ತಿದ್ದಳು. ಗುಡಿಗೆ ಬರುವುದನ್ನೂ ಬಿಟ್ಟಳು. ಬೆಳಿಗ್ಗೆ ಗುಡಿಯಲ್ಲಿ ನಾನೊಬ್ಬನೇ, ನನ್ನ ಮಂತ್ರ ಒಂದೇ.

ನಿಜ ಹೇಳಬೇಕೆಂದು ಕೂತವನು ಇದನ್ನು ಮುಚ್ಚಿಡಬಾರದು — ಮೊದಲ ವರ್ಷ ನನಗೆ ಖುಷಿಯಾಗಿತ್ತು. ಜನ ಮತ್ತೆ ಅಂಗಾರಕ್ಕೆ ನನ್ನ ಹತ್ತಿರ ಬರತೊಡಗಿದ್ದರು.

ಮೂರನೆಯ ಮಳೆಗಾಲದಲ್ಲಿ ಪಾರ್ವತಿಗೆ ದಿನ ತುಂಬಿತು. ಮಧ್ಯಾಹ್ನ ನೋವು ಬಂತು. ಮಲ್ಲಣ್ಣ ಮೊದಲು ನನ್ನ ಹತ್ತಿರ ಓಡಿಬಂದ. ನಾನು ಅಂಗಾರ ಕೊಟ್ಟು, "ಬಸವಣ್ಣ ಅದಾನ, ಹೋಗು" ಅಂದೆ. ದವಾಖಾನೆಗೆ ಹೋಗೆಂದು ಅನ್ನಲಿಲ್ಲ — ಮರೆತೆನೋ, ಹಟಕ್ಕೆ ಅನ್ನಲಿಲ್ಲವೋ, ಈಗಲೂ ನನಗೆ ಬಗೆಹರಿದಿಲ್ಲ. ಆಮೇಲೆ ಅವನು ಜಗದೇವಿಯ ಬಾಗಿಲಿಗೆ ಹೋದ. ಅವಳು ಹೊಸ್ತಿಲು ದಾಟಲಿಲ್ಲವಂತೆ. "ನಾ ಬಂದ್ರ ಕೇಡಾಗ್ತದೋ ಮಲ್ಲಣ್ಣ. ನನ್ನ ಕೈ ಅವಗ ಬ್ಯಾಡಾಗ್ಯದ" ಎಂದು ಅತ್ತಳಂತೆ. ಕೊನೆಗೆ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಚಿತ್ತಾಪುರದ ಕಡೆ ಹೊರಟರು. ಹಳ್ಳ ದಾಟುವಷ್ಟರಲ್ಲಿ ಹೆರಿಗೆಯಾಯಿತು. ಪಾರ್ವತಿ ಉಳಿದಳು, ಕೂಸು ಅಳಲಿಲ್ಲ.

ಆ ಸುದ್ದಿ ಬಂದಾಗ ನಾನು ಸಂಜೆಯ ಪೂಜೆಗೆ ಬಿಲ್ವಪತ್ರೆ ಆರಿಸುತ್ತಿದ್ದೆ. ಪೂಜೆ ಮಾಡಿದೆ. ಮಂಗಳಾರತಿಯನ್ನೂ ಮಾಡಿದೆ. ಹೇಗೆ ಮಾಡಿದೆ ಎಂದು ನನ್ನನ್ನು ಕೇಳಬೇಡಿ.

ಆಗ ಹೇಳಬೇಕಿತ್ತು. ಹೇಳಲಿಲ್ಲ. ಇಂದು ನಾಳೆ ಎನ್ನುತ್ತ ಎಂಟು ವರ್ಷ ನೂಕಿದೆ. ಅಷ್ಟರಲ್ಲಿ ನನ್ನ ಹೆಂಡತಿ ಹೋದಳು, ಕೈ ನಡುಗುವುದು ಶುರುವಾಯಿತು, ಊರಿನವರು ನನ್ನನ್ನು ಮುತ್ಯಾ, ಅಂದರೆ ಅಜ್ಜ, ಅನ್ನತೊಡಗಿದರು. ಜನ ಕೈಮುಗಿದಷ್ಟೂ ಬಾಯಿ ಕಟ್ಟಿಕೊಳ್ಳುತ್ತ ಹೋಯಿತು.

ಈ ವರ್ಷ ಒಂದು ಗುರುವಾರ ಬೆಳಿಗ್ಗೆ ಸವಿತಾ ಗುಡಿಗೆ ಬಂದಳು. ಜಗದೇವಿಯ ಮಗಳು. ನರ್ಸಿಂಗ್ ಓದಿ ವಾಡಿಯಲ್ಲಿ ಒಬ್ಬ ಡಾಕ್ಟರ ಹತ್ತಿರ ಕೆಲಸಕ್ಕಿದ್ದಾಳೆ, ಊರಲ್ಲಿ ಯಾರದೇ ಮನೆಯಲ್ಲಿ ಬಾಣಂತಿ ಇದ್ದರೂ ಕೆಲಸದಿಂದ ಬಂದವಳು ಮೊದಲು ಅಲ್ಲಿಗೆ ಹೋಗುತ್ತಾಳೆ. ತಾಯಿ ಬಿಟ್ಟದ್ದನ್ನು ಮಗಳು ಯಾರೂ ಹೇಳದೆ ಎತ್ತಿಕೊಂಡಿದ್ದಳು.

"ಮುತ್ಯಾ, ನನ್ನ ಪಂಚಾಯಿತಿಗಿ ನಿಂದ್ರು ಅಂತ ಮಂದಿ ಗಂಟಬಿದ್ದಾರ," ಅಂದಳು. "ನಾ ನಿಲ್ಲಾಕ ತಯಾರದೀನಿ. ಅವ್ವ ಮಾತ್ರ ಒಲ್ಲೆ ಅನ್ಲಿಕತ್ತಾಳ. ಮೊದಲ ಹೂ ಕೇಳು, ಮುಂದ ನಿಂದ್ರು ಅಂತಾಳ. ಆಸೆ ಬಲಿತ ಮ್ಯಾಲ ಅವ ಬ್ಯಾಡ ಅಂದ್ರ ಎದಿ ಒಡೀತದ, ಅದಕ್ಕ ಮೊದಲೇ ಕೇಳಿಬಿಡು ಅಂತ."

ನಾನು ಅವಳ ಮುಖ ನೋಡಲಾರದೆ, ಇವತ್ತು ಆಗುವುದಿಲ್ಲ, ಮೈ ಸರಿಯಿಲ್ಲ ಅಂದೆ. ಅವಳು ತಟ್ಟನೆ ನನ್ನ ಕೈ ಹಿಡಿದು ನಾಡಿ ನೋಡಿದಳು. ಗುಳಿಗೆ ತಗೊಳ್ತೀರೋ ಇಲ್ಲೋ ಎಂದು ಗದರಿಸಿದಳು. ಇನ್ನು ತಡೆಯುವುದು ನನ್ನಿಂದ ಆಗಲಿಲ್ಲ. ಅದೇ ದಿನ ಮಧ್ಯಾಹ್ನ ಖಣಿಯವರ ಓಣಿಗೆ ಹೋದೆ. ದೀಕ್ಷೆ ಕೊಟ್ಟ ಮೇಲೆ ಅವಳ ಮನೆಯ ಹೊಸ್ತಿಲು ನಾನು ತುಳಿದದ್ದು ಅದೇ ಮೊದಲು.

ಜಗದೇವಿ ತೊಗರಿಬೇಳೆ ಕೇರುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ಗಾಬರಿಯಿಂದ ಎದ್ದಳು. "ಬರ್ರಿ ಅಯ್ಯನೋರ, ಕುಂದ್ರಿ. ಹೇಳಿಕಳಿಸಿದ್ರ ನಾನೇ ಬರ್ತಿದ್ನಲ್ರಿ." ಸವಿತಾ ಒಳಗಿಂದ ನೀರು ತಂದಳು. ನಾನು ಕೂಡಲಿಲ್ಲ, ನೀರು ಮುಟ್ಟಲಿಲ್ಲ. ನಿಂತೇ ಹೇಳಿದೆ. ಎಣ್ಣೆ, ಬೆರಳು, ಎಡಗಡೆ — ಎಲ್ಲ. ಬಸವಣ್ಣ ನಿನಗೆ ಬೇಡ ಅಂದಿರಲಿಲ್ಲ ಜಗದೇವಿ, ನಾನು ಅಂದಿದ್ದೆ. ಇಷ್ಟು ಹೇಳಿ ಮುಗಿಸಲು ನನಗೆ ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ.

ಅವಳು ಬೈಯುತ್ತಾಳೆ ಅಂದುಕೊಂಡು ಹೋಗಿದ್ದೆ. ಬೈದರೆ ಹಗುರಾಗುತ್ತದೆ ಎಂಬ ಸ್ವಾರ್ಥವೂ ಇತ್ತು. ಅವಳು ಬೈಯಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟು, ಕೈಯ ಧೂಳು ಕೊಡವಿಕೊಂಡಳು. ಆಮೇಲೆ ನನಗಲ್ಲ, ತನಗೇ ಹೇಳಿಕೊಂಡಂತೆ ಅಂದಳು:

"ನಾ ಅವನ ಜೋಡಿ ಮಾತು ಬಿಟ್ಟು ಹನ್ನೊಂದು ವರ್ಷ ಆತು. ಸಿಟ್ಟ ಬಂದಿತ್ತು. ನನ್ನ ಕೂಸ ಹೋದಾಗೂ ನಾ ಅವಗ ಏನೂ ಅಂದಿದ್ದಿಲ್ಲ. ಇಷ್ಟ ಮಾಡೀನಿ, ನನ್ನೇ ಬ್ಯಾಡ ಅಂದಿ ಅಲ್ಲ, ನನಗ ಮೋಸ ಮಾಡ್ದಿ ಅಲ್ಲ ಅಂತ... ದಿನಾ ಮನಸಿನಾಗ ಬೈದೀನಿ ಅವಂಗ. ಪಾಪ. ಅವಂದೇನೂ ತಪ್ಪಿದ್ದಿಲ್ಲ."

ನನಗಾಗಿ ಅವಳಲ್ಲಿ ಒಂದು ಮಾತೂ ಇರಲಿಲ್ಲ. ಅವಳು ಮರುಗಿದ್ದು ಬಸವಣ್ಣನಿಗಾಗಿ.

ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, "ಪಾರ್ವತಿ ಹೆರಿಗಿ ದಿನ ನೀವು ಗುಡ್ಯಾಗೇ ಇದ್ರಿ ಅಲ್ರಿ?"

"ಇದ್ದೆ."

"ಅವತ್ತು ಮಲ್ಲಣ್ಣ ನಮ್ಮ ಬಾಗಲಾಗ ಅಳ್ಳಾಕತ್ತಿದ್ದ. ನಾ ಹೋಗಲಿಲ್ಲ. ಆ ಕೂಸು ನನ್ನಿಂದ ಹೋತು ಅಂತ ಇಷ್ಟು ದಿನ..." ಬೇರೆಯದನ್ನು ಕೇಳಿದಳು. "ಅಯ್ಯನೋರ, ಉಳಿದವರಿಗಿ ನೀವು ಇಟ್ಟ ಹೂ? ಅವು ಖರೇ ಇದ್ದವೇನ್ರಿ?"

ಖರೇ ಇದ್ದವು, ಬೇರೆಯವರಿಗೆ ಎಂದೂ ಎಣ್ಣೆ ಸವರಿಲ್ಲ ಎನ್ನಲು ಬಾಯಿ ತೆರೆದೆ. ಅದು ನಿಜವೂ ಹೌದು. ಆದರೆ ಇಷ್ಟವಿಲ್ಲದ ಸಂಬಂಧಕ್ಕೆ ಹೂ ಇಡುವಾಗ ಎಡಗಡೆ ಸ್ವಲ್ಪ ಕಡಿಮೆ ಒತ್ತಿದೆನೇ? ನನಗೆ ಬೇಕಾದವರಿಗೆ ಬಲಗಡೆಯ ಎಸಳನ್ನು ನೀರಲ್ಲಿ ಕಡಿಮೆ ಅದ್ದಿದೆನೇ? ಒಮ್ಮೆ ಗೊತ್ತಿದ್ದೇ ಮಾಡಿದ ಕೈ, ಗೊತ್ತಿಲ್ಲದೆ ಎಷ್ಟು ಸಲ ಮಾಡಿದೆಯೋ. ಅವಳು ನನ್ನ ಉತ್ತರಕ್ಕೆ ಕಾಯಲಿಲ್ಲ, ಎದ್ದು ಒಳಗೆ ಹೋದಳು.

ಸವಿತಾ ನನ್ನನ್ನು ಬಾಗಿಲ ತನಕ ಬಿಡಲು ಬಂದಳು. ಬೆಳಿಗ್ಗೆ ನಾಡಿ ಹಿಡಿದಿದ್ದವಳು ಈಗ ಕೈ ಮುಟ್ಟಲಿಲ್ಲ. "ನಾ ಹೂ ಕೇಳಲಿಕ್ಕೆ ಬರಂಗಿಲ್ಲ," ಅಂದಳು. "ಅರ್ಜಿ ಹಾಕ್ಲಿಕ್ಕೆ ಹೊಂಟೀನಿ. ನೀವು ನಮ್ಮವ್ವಗ ಹೇಳಿದ್ದು ಊರಿಗೂ ಹೇಳ್ರಿ. ನಮ್ಮವ್ವ ಊರ ಮುಂದ ಸೋತಾಳ, ಮನಿ ಒಳಗ ಬಂದು ತಪ್ಪಾತು ಅಂದ್ರ ಆಗಂಗಿಲ್ಲ."

ಮುಂದಿನ ಸೋಮವಾರ ಮಂಗಳಾರತಿಯಾದ ಮೇಲೆ ಎಲ್ಲರನ್ನೂ ಕೂರಿಸಿ ಹೇಳಿದೆ. ಮಲ್ಲಣ್ಣ ಮುಂದೆಯೇ ಕೂತಿದ್ದ. ಅವನು ಎದ್ದು ನಿಂತು, ಚಪ್ಪಲಿ ಮೆಟ್ಟಿಕೊಂಡು ನಡೆದುಬಿಟ್ಟ. ಅವನ ಹಿಂದೆ ಒಬ್ಬೊಬ್ಬರೇ ಎದ್ದರು. ನನ್ನ ಮೇಲೆ ಯಾರೂ ಕೈ ಎತ್ತಲಿಲ್ಲ, ಬೈಯಲಿಲ್ಲ. ಪೂಜೆಯ ಹೊಣೆಯನ್ನು ಊರಿನ ಹಿರಿಯರಿಗೆ ಒಪ್ಪಿಸಿ ಮನೆಗೆ ಬಂದೆ. ಹೂ ಕೇಳುವುದನ್ನು ಇನ್ನು ಮುಂದೆ ನಿಲ್ಲಿಸಿ ಎಂದು ಕೇಳಿಕೊಂಡಿದ್ದೇನೆ. ಹೂ ಕೇಳಿ ಬೇಡವೆಂದು ಹಿಂದೆ ಸರಿದವರು ನಮ್ಮೂರಲ್ಲಿ ಇನ್ನೆಷ್ಟು ಜನರೋ. ಅವರಲ್ಲಿ ಯಾರಾದರೂ ಬಂದು ಕೇಳಿದರೆ ಗೊತ್ತಿಲ್ಲ ಎಂದೇ ಹೇಳುತ್ತೇನೆ, ಇನ್ನೊಂದು ಸುಳ್ಳು ಸೇರಿಸುವುದಿಲ್ಲ.

ಸವಿತಾ ಗೆದ್ದಳು. ಅದು ಅವಳ ಗೆಲುವು, ನನ್ನ ಲೆಕ್ಕಕ್ಕೆ ಅದರಲ್ಲಿ ಏನೂ ಬರುವುದಿಲ್ಲ.

ಹೋದ ವಾರ ಬಸ್ಸಿಗಾಗಿ ನಿಂತಿದ್ದಾಗ ಜಗದೇವಿ ಸಿಕ್ಕಳು. ಅವಳ ಪಕ್ಕದಲ್ಲಿ ಕೆಮ್ಮುತ್ತಿದ್ದ ಒಬ್ಬ ಮುದುಕಿ ಇದ್ದಳು. ದವಾಖಾನೆಗೇ ಹೊರಟಿದ್ದಾರೆಂದು ತಿಳಿಯಿತು, ಕೇಳುವ ಧೈರ್ಯ ಬರಲಿಲ್ಲ. ಬೇರೆ ಒಂದು ಮಾತು ಅಂದೆ — ಈಗ ಗುಡಿಯಲ್ಲಿ ನಾನಿಲ್ಲ, ನೀನು ಬರಬಹುದು ಜಗದೇವಿ, ನನ್ನ ಮುಖ ನೋಡಬೇಕಾಗುವುದಿಲ್ಲ.

ಅವಳು ನನ್ನನ್ನು ನೇರವಾಗಿ ನೋಡಿದಳು. ಅದರಲ್ಲಿ ಸಿಟ್ಟು ಇರಲಿಲ್ಲ, ಕ್ಷಮೆಯೂ ಇರಲಿಲ್ಲ.

"ಬಂದಿದ್ದೆ ಒಂದಿನ," ಅಂದಳು. "ಭಾಳ ಹೊತ್ತು ಕುಂತೆ. ಮೊದಲ ಬಾಯಿಗಿ ಎಷ್ಟ್ ಮಾತು ಬರ್ತಿದ್ದವು, ಅವ ಸಾಕು ಬಿಡು ಅನ್ನೂತನಕ ಮಾತಾಡ್ತಿದ್ದೆ. ಈಗ ಏನ್ ಅನ್ಲಿ ಅಂತ ತಿಳೀಲಿಲ್ಲ. ರೂಢಿ ತಪ್ಪ್ಯದ್ರಿ. ಎಲ್ಲಾರಂಗ ಕೈಮುಗಿದು ಬಂದೆ."